ಮಾರಿಕಣಿವೆಯ ಕೋಡಿಯೂ ಮಳೆಯ ಕುರಿತ ಹಳೆಯ ವಾದವೂ

1933ರಲ್ಲಿ ಒಮ್ಮೆ ಕೋಡಿ ಬಿದ್ದ ಮಾರಿಕಣಿವೆಯ ಜಲಾಶಯ ಮತ್ತೊಮ್ಮೆ ಕೋಡಿ ಬಿದ್ದುದು 2022ರ ಸೆಪ್ಟೆಂಬರ್ ತಿಂಗಳಲ್ಲಿ. ನಡುವೆ ಸಂದ ಕಾಲ 89 ವರ್ಷ. ಹಿರಿಯೂರು, ಹೊಸದುರ್ಗ ಸೀಮೆಗಳಲ್ಲಿ ಹುಟ್ಟಿ ಬೆಳೆದು, ಮೊಮ್ಮಕ್ಕಳನ್ನು ಎತ್ತಿ ಆಡಿಸಿ ಕಣ್ಮುಚ್ಚಿದ ಎಷ್ಟೋ ಮಂದಿ ಆ ಕೋಡಿಯ ಮೇಲೆ ನೀರು ಹರಿದ ಸಂಗತಿಯನ್ನು ಹಿರಿಯರ ಬಾಯಿಂದ ಕೇಳಿದ್ದರೇ ಹೊರತು ಕಣ್ಣಾರೆ ಕಂಡಿರಲಿಲ್ಲ. ಮೂರನೆಯ ಬಾರಿ ಕೋಡಿ ಬಿದ್ದುದು 2025ರ ಜನವರಿಯಲ್ಲಿ. ಎರಡು ಸಲವೂ ಜನ ತಂಡೋಪತಂಡವಾಗಿ ಬಂದು ನೋಡಿದರು. ಬಾಗಿನ ಅರ್ಪಣೆಯೂ ಆಯಿತು.

ನೀರಿನೊಂದಿಗೆ ಒಂದು ವಾದವೂ ತುಂಬಿ ಹರಿಯಿತು. “ಹವಾಮಾನ ಬದಲಾಯಿತು, ಮಳೆ ಹೋಯಿತು ಎಂದು ಹೆದರಿಸಿದ್ದೆಲ್ಲ ಸುಳ್ಳು, ನೋಡಿ, ಕೆರೆ ತುಂಬಿದೆ” ಎಂದವರು ಕೆಲವರು. “ತೊಂಬತ್ತು ವರ್ಷ ಬಾರದ ನೀರು ಒಮ್ಮೆಲೇ ನುಗ್ಗಿ ಬಂದಿರುವುದೇ ಹವಾಮಾನ ಕೆಟ್ಟಿರುವುದಕ್ಕೆ ಸಾಕ್ಷಿ” ಎಂದವರು ಇನ್ನು ಕೆಲವರು. ಒಂದೇ ನೀರನ್ನು ಎರಡು ಪಕ್ಷದವರೂ ಸಾಕ್ಷಿಕಟ್ಟೆಗೆ ಕರೆದರು. ಕೆರೆ ಬತ್ತಿದ್ದ ವರ್ಷಗಳಲ್ಲೂ ಹೀಗೆಯೇ ಆಗಿತ್ತು. ಮಳೆ ಏಕೆ ಕೈಕೊಡುತ್ತದೆ, ಅದಕ್ಕೆ ಮನುಷ್ಯನು ಮಾಡಬಹುದಾದದ್ದು ಏನಾದರೂ ಇದೆಯೇ ಎಂಬ ಈ ವಿವಾದವನ್ನು ನಮ್ಮ ಕಾಲದ್ದೆಂದು ತಿಳಿಯುವುದು ರೂಢಿ. ಆದರೆ ಇದು ಮಾರಿಕಣಿವೆಯ ಕಟ್ಟೆಗಿಂತಲೂ ಹಳೆಯದು. ಕಟ್ಟೆಯ ಚರಿತ್ರೆಯನ್ನು ಆ ವಿವಾದದೊಂದಿಗೆ ಜೋಡಿಸಿ ಓದಿದರೆ ಕೆಲವು ಸಂಗತಿಗಳು ಸ್ಪಷ್ಟವಾಗುತ್ತವೆ.

ಮೊದಲು ಸ್ಥಳದ ಪರಿಚಯ. ಬಾಬಾಬುಡನ್ ಗಿರಿಶ್ರೇಣಿಯಲ್ಲಿ ಹುಟ್ಟುವ ವೇದಾ, ಅವತಿ ಎಂಬ ಎರಡು ಹೊಳೆಗಳು ಕಡೂರಿನ ಬಳಿ ಕೂಡಿ ವೇದಾವತಿಯಾಗುತ್ತವೆ. ಮಲೆನಾಡಿನ ಅಂಚನ್ನು ಬಿಟ್ಟು ಬಯಲಿಗಿಳಿದ ಈ ನದಿ ಹೊಸದುರ್ಗ ತಾಲ್ಲೂಕನ್ನು ಹಾದು, ಹಿರಿಯೂರಿಗೆ ಬರುವ ಮೊದಲು ಎರಡು ಗುಡ್ಡಗಳ ನಡುವಿನ ಇಕ್ಕಟ್ಟಾದ ಕಣಿವೆಯೊಂದನ್ನು ದಾಟುತ್ತದೆ. ಅಲ್ಲಿ ಮಾರಮ್ಮನ ಗುಡಿ ಇರುವುದರಿಂದ ಅದು ಮಾರಿಕಣಿವೆ. ಮುಂದೆ ಹಗರಿ ಎಂಬ ಹೆಸರಿನಿಂದ ಬಳ್ಳಾರಿ ಸೀಮೆಯನ್ನು ಸೇರಿ, ಕೊನೆಗೆ ತುಂಗಭದ್ರೆಯಲ್ಲಿ ಲೀನವಾಗುತ್ತದೆ. ಹುಟ್ಟಿದ ಕಡೆ ಧಾರಾಳ ಮಳೆ; ಹರಿದು ಬರುವ ಕಡೆ ನಾಡಿನಲ್ಲೇ ಅತಿ ಕಡಿಮೆ ಮಳೆ ಬೀಳುವ ಸೀಮೆಗಳ ಸಾಲು. ಈ ನದಿಯ ಸ್ವಭಾವವೆಲ್ಲ ಈ ಒಂದು ವಿರೋಧದಲ್ಲಿ ಅಡಗಿದೆ.

ಈಗ ಹಳೆಯ ವಾದಕ್ಕೆ ಬರೋಣ. ಹತ್ತೊಂಬತ್ತನೆಯ ಶತಮಾನದ ನಡುಭಾಗದಲ್ಲಿ ದಕ್ಷಿಣ ಭಾರತದಲ್ಲಿದ್ದ ಕೆಲವು ವೈದ್ಯಾಧಿಕಾರಿಗಳು, ಕಾಡು ಕಡಿದರೆ ಮಳೆ ಕಡಿಮೆಯಾಗುತ್ತದೆ ಎಂದು ಸರಕಾರಕ್ಕೆ ಬರೆಯತೊಡಗಿದರು. ಮದರಾಸಿನ ಸೇನಾ ವೈದ್ಯ ಎಡ್ವರ್ಡ್ ಬಾಲ್ಫೋರ್ ಮರಗಳಿಗೂ ಮಳೆಗೂ ಇರುವ ಸಂಬಂಧದ ಬಗ್ಗೆ 1840ರ ದಶಕದಲ್ಲೇ ವಿವರಗಳನ್ನು ಕಲೆಹಾಕಿದ್ದರು. ನಮ್ಮ ಶಿವಮೊಗ್ಗದಲ್ಲಿ ವೈದ್ಯರಾಗಿದ್ದ ಹ್ಯೂ ಕ್ಲೆಗಾರ್ನ್ ಮಲೆನಾಡಿನ ಕಾಡುಗಳು ಕುಮರಿ ಬೇಸಾಯಕ್ಕೂ ಮರದ ವ್ಯಾಪಾರಕ್ಕೂ ಬಲಿಯಾಗುತ್ತಿರುವುದನ್ನು ಕಂಡರು. ಉಷ್ಣವಲಯದ ಕಾಡುಗಳ ನಾಶದಿಂದಾಗುವ ಪರಿಣಾಮವನ್ನು ಕುರಿತು ಬ್ರಿಟಿಷ್ ವಿಜ್ಞಾನ ಸಂಘ ನೇಮಿಸಿದ ಸಮಿತಿಯ ವರದಿ 1851ರಲ್ಲಿ ಸಿದ್ಧವಾಯಿತು. ಅದನ್ನು ರೂಪಿಸಿದವರಲ್ಲಿ ಕ್ಲೆಗಾರ್ನ್ ಮುಖ್ಯರು. ಮನುಷ್ಯನ ಕೈಕೆಲಸದಿಂದ ಒಂದು ನಾಡಿನ ಹವಾಮಾನವೇ ಬದಲಾಗಬಹುದೆಂಬ ಮಾತು ಹೀಗೆ ಶಿವಮೊಗ್ಗದ ಅನುಭವವನ್ನೂ ಹೊತ್ತುಕೊಂಡು ಲೋಕದ ವಿದ್ವಾಂಸರ ಮುಂದೆ ಬಂದಿತು.

ಎಲ್ಲರೂ ಒಪ್ಪಲಿಲ್ಲ. ಮರದಿಂದ ಮಳೆಯೋ ಮಳೆಯಿಂದ ಮರವೋ ಎಂದು ಕೇಳಿದವರಿದ್ದರು. ಕಂದಾಯ ತರುವ ಸಾಗುವಳಿ ಭೂಮಿಯನ್ನು ಊಹೆಯ ಆಧಾರದ ಮೇಲೆ ಕಾಡಿಗೆ ಬಿಡಬೇಕೇ ಎಂದವರೂ ಇದ್ದರು. ವಾದ ಬಗೆಹರಿಯುವ ಮೊದಲೇ, 1840ರ ದಶಕದ ಕೊನೆಗೆ, ಮೈಸೂರಿನಲ್ಲಿ ಕುಮರಿ ಬೇಸಾಯಕ್ಕೆ ತಡೆ ಬಿತ್ತು. ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಹವಾಮಾನ ಕಾಪಾಡಬೇಕೆಂಬ ವಾದದ ಬೆಲೆ ತೆತ್ತವರು ವಾದ ಮಾಡಿದವರಲ್ಲ. ಗುಡ್ಡದ ಇಳಿಜಾರಿನಲ್ಲಿ ರಾಗಿ, ಸಾಮೆ ಬಿತ್ತಿ ಬದುಕುತ್ತಿದ್ದ ಬಡಜನ. ರೈಲುಹಳಿಯ ಅಡಿಗೆ ಹಾಸುವ ಮರದ ದಿಮ್ಮಿಗಾಗಿ ಕಾಡು ಕಡಿಯುವುದು ಮಾತ್ರ ನಿಲ್ಲಲಿಲ್ಲ.

ಬಳಿಕ ಬಂತು ಧಾತು ಸಂವತ್ಸರದ ಮಹಾ ಬರ. 1876ರಿಂದ 1878ರವರೆಗಿನ ಆ ಕ್ಷಾಮದ ಭೀಕರತೆಯನ್ನು ಎರಡು ಅಂಕಿಗಳೇ ಹೇಳುತ್ತವೆ. 1871ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದ ಜನಸಂಖ್ಯೆ 50 ಲಕ್ಷಕ್ಕೂ ಮೇಲಿತ್ತು. 1881ರಲ್ಲಿ ಅದು 42 ಲಕ್ಷವನ್ನೂ ಮುಟ್ಟಲಿಲ್ಲ. ಸಂಸ್ಥಾನದ ಪೂರ್ವಭಾಗದ ಬಯಲುಸೀಮೆ ಜಿಲ್ಲೆಗಳು ಬರಿದಾದವು. ತಂದೆತಾಯಿಯರನ್ನು ಕಳೆದುಕೊಂಡ ಮಕ್ಕಳನ್ನು ಕ್ರೈಸ್ತ ಮಿಶನರಿಗಳು ಸಾಕಿ, ಬೆಂಗಳೂರಿನ ಸುತ್ತಿನಲ್ಲಿ ಅವರಿಗಾಗಿ ಬೇಸಾಯದ ಹಳ್ಳಿಗಳನ್ನೇ ಕಟ್ಟಿದರು; ನೆಲಮಂಗಲ ಸೀಮೆಯ ಸಿಲುವೇಪುರದ ಹುಟ್ಟು ಆ ಕಾಲದ್ದು. ನಮ್ಮ ಧರ್ಮಕೇಂದ್ರಗಳ ಎಷ್ಟೋ ಕುಟುಂಬಗಳ ಪೂರ್ವಚರಿತ್ರೆ ಆ ಬರದ ಕಡೆಗೆ ಹೋಗಿ ನಿಲ್ಲುತ್ತದೆ.

ಇಷ್ಟು ದೊಡ್ಡ ಸಾವಿಗೆ ಕಾರಣವೇನು? ಸರಕಾರದ ಅಂಕಿಅಂಶ ಇಲಾಖೆಯ ಮುಖ್ಯಸ್ಥ ವಿಲಿಯಂ ಹಂಟರ್ 1877ರಲ್ಲಿ ಸೂರ್ಯನ ಕಲೆಗಳತ್ತ ಬೆರಳು ತೋರಿಸಿದರು. ಸುಮಾರು 11 ವರ್ಷಕ್ಕೊಮ್ಮೆ ಆ ಕಲೆಗಳು ಕಡಿಮೆಯಾದಾಗ ಮದರಾಸಿನಲ್ಲಿ ಮಳೆಯೂ ಕುಗ್ಗುತ್ತದೆ ಎಂಬುದು ಅವರ ಲೆಕ್ಕ. ಖಗೋಳ ವಿಜ್ಞಾನಿ ನಾರ್ಮನ್ ಲಾಕಿಯರ್ ಅವರ ಜೊತೆ ಸೇರಿ ಪತ್ರಿಕೆಯಲ್ಲೂ ಬರೆದರು. ಕ್ಷಾಮ ಸೂರ್ಯನಿಂದ ಬರುವುದಾದರೆ ಆಳುವವರ ಮೇಲೆ ಹೊರೆ ಎಷ್ಟು ಹಗುರ! ರಿಚರ್ಡ್ ಸ್ಟ್ರಾಚಿ ಈ ಲೆಕ್ಕವನ್ನು ಪರೀಕ್ಷಿಸಿ ಅಲ್ಲಗಳೆದರು. 1875ರಲ್ಲಿ ಆರಂಭವಾಗಿದ್ದ ಹವಾಮಾನ ಇಲಾಖೆಯ ಮುಖ್ಯಸ್ಥ ಹೆನ್ರಿ ಬ್ಲಾನ್‌ಫೋರ್ಡ್ ಹಿಮಾಲಯದ ಹಿಮಕ್ಕೂ ಮುಂಗಾರಿಗೂ ಇರುವ ನಂಟನ್ನು ಹುಡುಕಿದರು. ನಿಜವಾದ ಸುಳಿವು ಸಿಕ್ಕಿದ್ದು ಬಹಳ ತಡವಾಗಿ. ಪೆಸಿಫಿಕ್ ಸಾಗರದ ಎರಡು ದಂಡೆಗಳ ನಡುವೆ ವಾಯುಭಾರ ತಕ್ಕಡಿಯಂತೆ ತೂಗುತ್ತದೆ ಎಂಬುದನ್ನು ಇದೇ ಇಲಾಖೆಯಲ್ಲಿ ದುಡಿದ ಗಿಲ್ಬರ್ಟ್ ವಾಕರ್ 1920ರ ದಶಕದಲ್ಲಿ ವಿವರಿಸಿದರು. ಅದರೊಂದಿಗೆ ಹೆಣೆದುಕೊಂಡ ಸಮುದ್ರದ ಬಿಸಿಯನ್ನೇ ಇಂದು ಎಲ್ ನಿನೋ ಎನ್ನುತ್ತೇವೆ. 1877ರಲ್ಲಿ ಅದು ಅತಿ ಪ್ರಬಲವಾಗಿತ್ತೆಂಬುದು ಈಗ ತಿಳಿದಿದೆ.

ಮೈಸೂರಿನ ಆಳುವವರು ಆ ತಿಳಿವಿಗಾಗಿ ಕಾಯುತ್ತ ಕೂರುವಂತಿರಲಿಲ್ಲ. 1881ರಲ್ಲಿ ಸಂಸ್ಥಾನ ಮರಳಿ ಅರಸರ ಕೈಸೇರಿದಾಗ ಅದರ ಎದುರಿಗಿದ್ದದ್ದು ಕ್ಷಾಮದ ನೆನಪು ಮತ್ತು ಸಾಲ. ಏನು ಮಾಡಬೇಕೆಂಬುದರಲ್ಲೂ ಒಮ್ಮತವಿರಲಿಲ್ಲ. ರೈಲು ಹಾಕಿದರೆ ಧಾನ್ಯ ಬರಗಾಲದ ಊರಿಗೆ ತಲುಪುತ್ತದೆ ಎಂಬುದು ಒಂದು ಪಕ್ಷ. ರೈಲಿಗಿಂತ ನೀರೇ ಅಗ್ಗವೂ ಸುರಕ್ಷಿತವೂ ಎಂಬುದು ಇನ್ನೊಂದು. ಗೋದಾವರಿಗೆ ಅಣೆಕಟ್ಟು ಕಟ್ಟಿದ ಆರ್ಥರ್ ಕಾಟನ್ 1878ರಲ್ಲಿ ಲಂಡನ್ನಿನ ಪಾರ್ಲಿಮೆಂಟ್ ಸಮಿತಿಯ ಮುಂದೆ ನೀರಿನ ಪರವಾಗಿ ವಾದಿಸಿದ್ದರು. ಇತ್ತ ಮೈಸೂರಿನ ಮುಖ್ಯ ಎಂಜಿನಿಯರ್ ಸ್ಯಾಂಕಿ, ಬೆಂಗಳೂರಿನ ಸ್ಯಾಂಕಿ ಕೆರೆಗೆ ಹೆಸರು ಕೊಟ್ಟವರು, 1866ರಷ್ಟು ಹಿಂದೆಯೇ ಈ ನಾಡಿನಲ್ಲಿ ಇನ್ನೊಂದು ಕೆರೆಗೆ ಜಾಗ ಹುಡುಕುವುದು ಕಷ್ಟವೆಂಬ ಅರ್ಥದ ಮಾತು ಬರೆದಿದ್ದರು. ನಮ್ಮ ಪೂರ್ವಿಕರು ಪ್ರತಿಯೊಂದು ಹಳ್ಳಕ್ಕೂ ಏರಿ ಹಾಕಿ ಅಷ್ಟರಮಟ್ಟಿಗೆ ನೀರು ಹಿಡಿದಿದ್ದರು. ಈ ಮಾತನ್ನು ಓದುಗರು ನೆನಪಿನಲ್ಲಿಡಬೇಕು.

ದಿವಾನ್ ಶೇಷಾದ್ರಿ ಅಯ್ಯರ್ ರೈಲು, ನೀರು ಎರಡನ್ನೂ ಹಿಡಿದರು. ಮಾರಿಕಣಿವೆಯ ಕಟ್ಟೆ ಅವರ ಆಡಳಿತದ ದೊಡ್ಡ ಸಾಹಸ. ನದಿ ಕೆಳಗೆ ಮದರಾಸು ಪ್ರಾಂತ್ಯಕ್ಕೆ ಹರಿಯುತ್ತಿದ್ದುದರಿಂದ ಅದೂ ಸುಲಭವಿರಲಿಲ್ಲ. ಗಡಿ ದಾಟುವ ನದಿಗಳಿಗೆ ಮೈಸೂರು ಹೊಸದಾಗಿ ಕಟ್ಟೆ ಕಟ್ಟುವ ಮುನ್ನ ಮದರಾಸಿನ ಒಪ್ಪಿಗೆ ಪಡೆಯಬೇಕೆಂಬ 1892ರ ಒಪ್ಪಂದ ಆಗ ಜಾರಿಯಲ್ಲಿತ್ತು. ಮೇಲಿನವರು ಬರಕ್ಕೆ ಹೆದರಿ ನೀರು ಹಿಡಿದರೆ ಕೆಳಗಿನವರಿಗೆ ಅದೇ ಬರವಾಗುತ್ತದೆ ಎಂಬ ಭಯಕ್ಕೆ ಸಿಕ್ಕ ಕಾನೂನಿನ ರೂಪ ಆ ಒಪ್ಪಂದ. 1894ರ ಕೊನೆಯಲ್ಲಿ ಚಾಮರಾಜ ಒಡೆಯರು ಅಕಾಲಮರಣ ಹೊಂದಿದರು. ಎಳೆಯ ರಾಜಕುಮಾರನ ಪರವಾಗಿ ಮಹಾರಾಣಿ ಕೆಂಪನಂಜಮ್ಮಣ್ಣಿಯವರು ರಾಜ್ಯಭಾರ ವಹಿಸಿದರು. ಅವರ ಕಾಲದಲ್ಲಿ, 1898ರಲ್ಲಿ, ಕೆಲಸ ಮೊದಲಾಗಿ 1907ರಲ್ಲಿ ಮುಗಿಯಿತು. ಅವರ ವಾಣಿವಿಲಾಸ ಎಂಬ ಬಿರುದೇ ಸಾಗರಕ್ಕೆ ಹೆಸರಾಯಿತು. ಕಲ್ಲು ಗಾರೆಯ ಕಟ್ಟೆಯ ಉದ್ದ ಸುಮಾರು 1,330 ಅಡಿ. ಪೂರ್ಣಮಟ್ಟ 130 ಅಡಿ. ಹಿಡಿಯುವ ನೀರು 30 ಟಿ.ಎಂ.ಸಿ. ಅಡಿ, ಎಂದರೆ ಮೂರು ಸಾವಿರ ಕೋಟಿ ಘನ ಅಡಿ. ಗುಡ್ಡದ ಮೇಲೆ ನಿಂತು ನೋಡಿದರೆ ಜಲರಾಶಿ ಭಾರತದ ಭೂಪಟದಂತೆ ಕಾಣುತ್ತದೆಂದು ಊರಿನವರು ಬಂದವರಿಗೆಲ್ಲ ತೋರಿಸುತ್ತಾರೆ. ಕಣ್ಣಿಗಿಂತ ಅಭಿಮಾನಕ್ಕೆ ಅದು ಹೆಚ್ಚು ಸ್ಪಷ್ಟವಾಗಿ ಕಾಣುವಂಥದ್ದು. ಕಟ್ಟೆಯ ಹಿಂದೆ ಮುಳುಗಿದ ಹಳ್ಳಿಗಳ ರೈತರು ಆಗ ಏನೆಂದರೆಂಬುದನ್ನು ಯಾರೂ ಇಷ್ಟು ಉತ್ಸಾಹದಿಂದ ಹೇಳುವುದಿಲ್ಲ.

ಇನ್ನು ಕೆರೆ ತುಂಬದ ಕಥೆ. ಇಪ್ಪತ್ತಾರು ವರ್ಷದ ಬಳಿಕ ಒಮ್ಮೆ ತುಂಬಿ, ಮತ್ತೆ ತುಂಬಲು 89 ವರ್ಷ ತೆಗೆದುಕೊಂಡ ಜಲಾಶಯವನ್ನು ಎಂಜಿನಿಯರುಗಳ ತಪ್ಪು ಲೆಕ್ಕವೆಂದು ಹೀಗಳೆದವರು ಹಲವರು. ನಾವೇ ಒಂದು ಲೆಕ್ಕ ಹಾಕಿ ನೋಡಬಹುದು. ಇದರ ಜಲಾನಯನ ಪ್ರದೇಶ ಸುಮಾರು 5,374 ಚದರ ಕಿಲೋಮೀಟರ್. ಖಾಲಿ ಕೆರೆ ಒಂದೇ ವರ್ಷದಲ್ಲಿ ತುಂಬಬೇಕಾದರೆ ಅಷ್ಟೂ ನೆಲದಿಂದ ಸರಾಸರಿ 160 ಮಿಲಿಮೀಟರ್ ನೀರು, ಆರು ಅಂಗುಲಕ್ಕೂ ಮಿಕ್ಕು, ಹರಿದು ಬರಬೇಕು. ಬೀಳಬೇಕಾದ ಮಳೆಯಲ್ಲ ಇದು. ಭೂಮಿ ಕುಡಿದು, ಬಿಸಿಲು ಹೀರಿ, ಸ್ಯಾಂಕಿಯವರು ಕಂಡ ಆ ಅಸಂಖ್ಯ ಕೆರೆಗಳು ತುಂಬಿ, ಉಳಿದು ಹರಿಯಬೇಕಾದ ನೀರು. ಮಲೆನಾಡಿನ ಅಂಚನ್ನು ಬಿಟ್ಟರೆ ಉಳಿದ ಪ್ರದೇಶದ ವರ್ಷದ ಮಳೆಯೇ ಹೆಚ್ಚಿನ ಕಡೆ ಆರೇಳು ನೂರು ಮಿಲಿಮೀಟರ್ ಆಸುಪಾಸಿನದು. ಹಾಗಿರುವಾಗ ಇದನ್ನು ವರ್ಷವರ್ಷ ತುಂಬುವ ಕೆರೆಯೆಂದು ಎಣಿಸುವುದೇ ಸರಿಯಲ್ಲ. ಒಳ್ಳೆಯ ವರ್ಷದ ನೀರನ್ನು ಕೆಟ್ಟ ವರ್ಷಗಳಿಗೆ ಇರಿಸುವ ಕಣಜ ಇದು. ಕಣಜ ಅಂಚಿನವರೆಗೆ ತುಂಬಲಿಲ್ಲವೆಂದು ಅದನ್ನು ಕಟ್ಟಿದವನನ್ನು ಯಾವ ರೈತನೂ ದೂರುವುದಿಲ್ಲ.

ಆದರೂ ಇಪ್ಪತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಮಟ್ಟ ಕುಸಿಯುತ್ತ ಬಂದದ್ದು ನಿಜ. ಹಿರಿಯೂರಿನ ಅಚ್ಚುಕಟ್ಟಿನಲ್ಲಿ ನಾಲೆಗೆ ನೀರು ಬರದೆ ತೆಂಗು, ಅಡಿಕೆಯ ತೋಟಗಳು ಒಣಗಿದವು, ಕೊಳವೆಬಾವಿಗಳು ಆಳಕ್ಕಿಳಿದವು. ಆಗ ಕಾರಣದ ವಾದ ಮತ್ತೆ ಎದ್ದಿತು. ಮಳೆಯೇ ಕಡಿಮೆಯಾಗಿದೆ ಎಂದರು ಕೆಲವರು. ಮಳೆಯಲ್ಲ, ಮೇಲೆ ಕಡೂರು, ಹೊಸದುರ್ಗಗಳಲ್ಲಿ ಹೊಳೆಗೆ ಅಡ್ಡಲಾಗಿ ಕಟ್ಟಿದ ಒಡ್ಡುಗಳು ನೀರು ತಡೆಯುತ್ತಿವೆ ಎಂದರು ಹಿರಿಯೂರಿನವರು. ನಮ್ಮ ನೆಲದ ಮೇಲೆ ಬಿದ್ದ ಮಳೆಯನ್ನು ನಾವು ಹಿಡಿಯುವುದು ತಪ್ಪೇ ಎಂಬುದು ಮೇಲಿನವರ ಮರುಪ್ರಶ್ನೆ. ಕಾಡು ಹೋದದ್ದು, ಹೂಳು ತುಂಬಿದ್ದು, ಕೊಳವೆಬಾವಿಗಳು ಹೊಳೆಯ ಒಳಸೆಲೆಯನ್ನು ಹೀರಿದ್ದು ಎಂದು ಪಟ್ಟಿ ಬೆಳೆಯಿತು. ಇದರಲ್ಲಿ ಒಂದೂ ಪೂರ್ತಿ ಸುಳ್ಳಲ್ಲ. ಕೆರೆಯ ನೀರಿನ ಮಟ್ಟವೆಂಬುದು ಮಳೆ, ನೆಲ, ಮನುಷ್ಯ ಮೂವರೂ ಸೇರಿ ಬರೆದ ಅಂಕಿ. ಅದರಲ್ಲಿ ಯಾರ ಪಾಲು ಎಷ್ಟೆಂದು ಬೇರ್ಪಡಿಸದೆ ಹವಾಮಾನದ ಬಗ್ಗೆ ತೀರ್ಪು ಕೊಡುವುದು ಅವಸರ.

2022ರ ಕೋಡಿಯ ವಿಷಯದಲ್ಲೂ ಇದೇ ಎಚ್ಚರಿಕೆ ಬೇಕು. 1933ರಲ್ಲಿ ತುಂಬಿದ್ದು ವೇದಾವತಿಯ ನೀರೊಂದೇ. ಭದ್ರಾ ಮೇಲ್ದಂಡೆ ಯೋಜನೆಯ ಮೂಲಕ ಭದ್ರೆಯ ನೀರನ್ನು ಅಜ್ಜಂಪುರದ ಕಡೆಯಿಂದ ಯಂತ್ರಗಳಿಂದ ಎತ್ತಿ ವೇದಾವತಿಗೆ ಹರಿಸಲು ತೊಡಗಿದ ಮೇಲೆ ಲೆಕ್ಕ ಬದಲಾಗಿದೆ. 2022ರ ಅಪಾರ ಮಳೆಗೂ 2025ರ ಕೋಡಿಗೂ ಈ ನೀರು ಜೊತೆ ನೀಡಿತ್ತು. ಹಾಗಾಗಿ “ಮಳೆ ಮರಳಿದೆ” ಎಂಬುದಕ್ಕೆ ಈ ಕೋಡಿ ಶುದ್ಧ ಸಾಕ್ಷಿಯಲ್ಲ. ಒಟ್ಟು 29.90 ಟಿ.ಎಂ.ಸಿ. ಅಡಿ ನೀರನ್ನು ಒಣಸೀಮೆಗೆ ಒಯ್ಯುವ ಆ ಯೋಜನೆಯ ಸುತ್ತಲೂ ವಿವಾದವಿದೆ. ಬರದ ಸೀಮೆಗೆ ಇದು ಜೀವದಾನವೆಂದು ಚಿತ್ರದುರ್ಗದವರು ದೀರ್ಘಕಾಲ ಹೋರಾಡಿದರು. ತಮ್ಮ ನಾಲೆಯ ಕೊನೆಯ ಭಾಗಕ್ಕೆ ನೀರು ತಪ್ಪೀತೆಂದು ದಾವಣಗೆರೆ ಕಡೆಯ ಭದ್ರಾ ಅಚ್ಚುಕಟ್ಟಿನ ರೈತರು ಆತಂಕಪಟ್ಟರು. 1892ರ ಮೈಸೂರು–ಮದರಾಸು ಮಾತುಕತೆಯೇ ಹೆಸರು ಬದಲಿಸಿಕೊಂಡು ಬಂದಂತಿದೆ. 2022ರಲ್ಲಿ ಕೆರೆ ತುಂಬಿದಾಗ ಹಿನ್ನೀರು ಹೊಸದುರ್ಗ ತಾಲ್ಲೂಕಿನ ಹೊಲತೋಟಗಳಿಗೆ ನುಗ್ಗಿತು. ಹಿರಿಯೂರಿಗೆ ಹಬ್ಬವಾದ ಅದೇ ನೀರು ಅಲ್ಲಿ ಬೆಳೆನಷ್ಟವಾಯಿತು.

ಹೊರಲೋಕದ ವಾದವೂ ಈ ನಡುವೆ ಬೆಳೆದಿತ್ತು. ಕಲ್ಲಿದ್ದಲು, ಪೆಟ್ರೋಲುಗಳ ಹೊಗೆ ಭೂಮಿಯನ್ನು ಬಿಸಿಮಾಡುತ್ತಿದೆಯೇ ಎಂದು ಪರಿಶೀಲಿಸಲು ವಿಶ್ವಸಂಸ್ಥೆಯ ಆಶ್ರಯದಲ್ಲಿ 1988ರಲ್ಲಿ ವಿಜ್ಞಾನಿಗಳ ಮಂಡಲಿ ರಚನೆಯಾಯಿತು. 1997ರ ಕ್ಯೋಟೋ ಒಪ್ಪಂದದಿಂದ ಅಮೆರಿಕ 2001ರಲ್ಲಿ ದೂರ ಸರಿಯಿತು. ಮೊದಲು ಹೊಗೆಯುಗುಳಿ ಶ್ರೀಮಂತವಾದವರು ಮೊದಲು ಹೊರೆ ಹೊರಲಿ ಎಂಬುದು ಭಾರತದ ನಿಲುವು, ಅದರಲ್ಲಿ ನ್ಯಾಯವಿಲ್ಲವೆನ್ನಲಾಗದು. 2015ರಲ್ಲಿ ಪ್ಯಾರಿಸ್ ಒಪ್ಪಂದವಾಯಿತು. ಅದೇ ವರ್ಷ ಜಗದ್ಗುರು ಫ್ರಾನ್ಸಿಸರು ‘ಲಾವ್ದಾತೋ ಸೀ’ ಎಂಬ ವಿಶ್ವಪತ್ರದಲ್ಲಿ ಹವಾಮಾನವನ್ನು ಎಲ್ಲರಿಗೂ ಸೇರಿದ ಸಂಪತ್ತೆಂದು ಕರೆದರು. ಎಂಟು ವರ್ಷ ಕಾದು, 2023ರ ಅಕ್ಟೋಬರಿನಲ್ಲಿ ಮತ್ತೊಂದು ಪತ್ರ ಬರೆದರು. ಹವಾಮಾನ ಬದಲಾವಣೆಯನ್ನು ಅಲ್ಲಗಳೆಯುವವರು ಸಭೆಯ ಒಳಗೂ ಇದ್ದಾರೆಂಬುದನ್ನು ಅದರಲ್ಲಿ ಮುಚ್ಚಿಡಲಿಲ್ಲ. ಮಾರಿಕಣಿವೆ ಮೂರನೆಯ ಬಾರಿ ಕೋಡಿ ಬಿದ್ದ 2025ರ ಜನವರಿಯಲ್ಲೇ ಅಮೆರಿಕದ ಅಧ್ಯಕ್ಷರು ಪ್ಯಾರಿಸ್ ಒಪ್ಪಂದದಿಂದ ಎರಡನೆಯ ಸಲ ಹೊರಬರುವ ಆದೇಶಕ್ಕೆ ಸಹಿ ಹಾಕಿದರು.

ಕ್ಲೆಗಾರ್ನ್, ಹಂಟರ್ ಅವರ ಕಾಲಕ್ಕೂ ನಮ್ಮ ಕಾಲಕ್ಕೂ ಇರುವ ಮುಖ್ಯ ವ್ಯತ್ಯಾಸ ಇಲ್ಲಿದೆ. ಅವರ ಬಳಿ ಇದ್ದದ್ದು ಊಹೆ, ಕೆಲವೇ ಮಳೆಮಾಪಕಗಳು, ಕೆಲವೇ ವರ್ಷಗಳ ಅಂಕಿ. ಭೂಮಿ ಬಿಸಿಯಾಗಲು ಮನುಷ್ಯನೇ ಕಾರಣನೆಂಬುದರಲ್ಲಿ ಸಂಶಯ ಉಳಿದಿಲ್ಲವೆಂದು 2021ರಲ್ಲಿ ಆ ವಿಜ್ಞಾನಿಗಳ ಮಂಡಲಿ ಹೇಳಿತು. ಭಾರತ ಸರಕಾರದ ಭೂವಿಜ್ಞಾನ ಸಚಿವಾಲಯದ 2020ರ ವರದಿಯ ಪ್ರಕಾರ 1901ರಿಂದ 2018ರವರೆಗೆ ನಮ್ಮ ದೇಶದ ಸರಾಸರಿ ಉಷ್ಣತೆ 0.7 ಡಿಗ್ರಿ ಏರಿದೆ. 1951ರಿಂದ 2015ರವರೆಗೆ ಮುಂಗಾರು ಮಳೆ ಶೇಕಡ 6ರಷ್ಟು ಕುಗ್ಗಿದೆ; ಎದ್ದು ಕಾಣುವಷ್ಟು ಕುಗ್ಗಿದ ಪ್ರದೇಶಗಳಲ್ಲಿ ಪಶ್ಚಿಮಘಟ್ಟವೂ ಒಂದು. ವೇದಾವತಿಯ ತವರು ಅದೇ ಬೆಟ್ಟಸಾಲಿನ ಪೂರ್ವದ ಅಂಚು. ಒಟ್ಟು ಮಳೆ ಕುಗ್ಗುವುದೂ, ಬಿದ್ದಾಗ ಒಮ್ಮೆಲೇ ಸುರಿಯುವುದೂ ಒಟ್ಟಿಗೆ ನಡೆಯಬಹುದೆಂಬುದನ್ನೂ ಆ ವರದಿ ಹೇಳುತ್ತದೆ. ಆದ್ದರಿಂದ ಬತ್ತಿದ ಕೆರೆ, ತುಂಬಿದ ಕೆರೆ ಎರಡೂ ಅದಕ್ಕೆ ವಿರುದ್ಧವಲ್ಲ. ಆದರೆ ಒಂದು ಕೆರೆಯಿಂದ ಅದನ್ನು ಸಾಧಿಸುವುದೂ ಆಗದು.

ಕ್ರಮ ಕೈಗೊಳ್ಳುವುದರ ಮೇಲಿನ ಜಗಳ ಮಾತ್ರ ಚಿತ್ರದುರ್ಗದ ಗುಡ್ಡಗಳ ಮೇಲೆಯೇ ನಡೆದಿದೆ. ಹೊಗೆಯಿಲ್ಲದ ವಿದ್ಯುತ್ತಿಗಾಗಿ ಆ ಗುಡ್ಡಸಾಲುಗಳ ಮೇಲೆ ಗಾಳಿಯಂತ್ರಗಳು ನಿಂತವು. ಅವುಗಳಿಗಾಗಿ ದಾರಿ ಕಡಿದು ಗುಡ್ಡ ಹಾಳಾಯಿತೆಂಬ ದೂರಿನಲ್ಲಿ ಹುರುಳಿದೆ. ಆ ರೆಕ್ಕೆಗಳು ಮಳೆಮೋಡವನ್ನು ಚದುರಿಸುತ್ತವೆಂಬ ಮಾತೂ ಹಳ್ಳಿಗಳಲ್ಲಿ ಹಬ್ಬಿದೆ; ಮೋಡಗಳಿರುವ ಎತ್ತರವನ್ನು ನೋಡಿದರೆ ಅದು ನಂಬತಕ್ಕದ್ದಲ್ಲ. ಆದರೆ ಆ ಮಾತನ್ನು ನಕ್ಕು ತಳ್ಳಿಹಾಕುವುದು ತರವಲ್ಲ. ತನ್ನ ಗುಡ್ಡದ ಮೇಲೆ ತನ್ನನ್ನು ಕೇಳದೆ ಏನೋ ನೆಟ್ಟುಹೋದರೆಂಬ ರೈತನ ಅಸಮಾಧಾನ ಅದರ ಹಿಂದಿದೆ. ಕುಮರಿಯವನ ಅಸಮಾಧಾನವೂ ಇದೇ ಜಾತಿಯದು. ಪಕ್ಕದ ಪಾವಗಡದಲ್ಲಿ ಸುಮಾರು 13,000 ಎಕರೆಯ ಸೌರವಿದ್ಯುತ್ ಪಾರ್ಕಿಗೆ ರೈತರ ಭೂಮಿಯನ್ನು ಕೊಳ್ಳದೆ ಗುತ್ತಿಗೆಗೆ ಪಡೆದು ವರ್ಷವರ್ಷ ಬಾಡಿಗೆ ಕೊಡುವ ಏರ್ಪಾಡಾಯಿತು. ಭೂಮಿ ಇದ್ದವನಿಗೆ ಅದು ಒಳ್ಳೆಯ ಮಾರ್ಗ. ಆ ಭೂಮಿಯಲ್ಲಿ ಕೂಲಿ ಮಾಡುತ್ತಿದ್ದವನಿಗೆ ಬಾಡಿಗೆ ಬರುವುದಿಲ್ಲ. ಮಾಡಬೇಕೇ ಬೇಡವೇ ಎಂಬ ಪ್ರಶ್ನೆಗಿಂತ ಯಾರ ಬೆಲೆಯಲ್ಲಿ ಎಂಬ ಪ್ರಶ್ನೆಯೇ ಈ ನೂರೆಪ್ಪತ್ತು ವರ್ಷಗಳ ವಾದದಲ್ಲಿ ಹೆಚ್ಚು ನಿಜವಾದದ್ದೆಂದು ನನಗೆ ತೋರುತ್ತದೆ.

2022ರ ಕೋಡಿಯ ಸಂಭ್ರಮದ ಮರುವರ್ಷ ಮುಂಗಾರು ಕೈಕೊಟ್ಟಿತು. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಸರಕಾರ ಸಾರಿತು; ಎಲ್ ನಿನೋ ಮತ್ತೆ ಎದ್ದ ವರ್ಷವದು. ಚಿತ್ರದುರ್ಗ, ಹಿರಿಯೂರು ಪಟ್ಟಣಗಳ ನಲ್ಲಿಗಳಿಗೆ ಆ ವರ್ಷ ಮಾರಿಕಣಿವೆಯಿಂದ ಬಂದದ್ದು ಹಿಂದಿನ ವರ್ಷದ ಮಳೆ.